ಪದಚರ್ಚೆ: ಜೀನ್ 'ದೋಷ' ಬೇಡ, ಬೇರೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಉಡುಪಿಯ ಒಂದು ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಕನ್ನಡದಲ್ಲಿ ಕರಪತ್ರ ಬರೆದುಕೊಡುತ್ತೇನೆ. ಒಂದು ಪದದಲ್ಲಿ ಸಿಕ್ಕಿಕೊಂಡಿದ್ದೇನೆ, ನಿಮ್ಮ ಸಹಾಯ ಬೇಕು.

ಇಕ್ತಿಯೋಸಿಸ್ ಎಂಬ ಚರ್ಮದ ಕಾಯಿಲೆಯ ಬಗ್ಗೆ ಬರೆಯುವಾಗ 'ಇದು ಜೀನ್ ದೋಷದಿಂದ ಬರುವ ಕಾಯಿಲೆ' ಎಂದಿದ್ದೆ. ಕಾಪು ಕಡೆಯ ಒಬ್ಬ ತಾಯಿ ಅದನ್ನು ಎರಡೆರಡು ಸಲ ಓದಿದರು. ಆಮೇಲೆ ಮೆಲ್ಲಗೆ ಕೇಳಿದರು: "ದೋಷ ಅಂದ್ರೆ ನಾಗನದ್ದಾ ಮೇಡಂ? ಆಶ್ಲೇಷಾ ಬಲಿ ಮಾಡಿಸಿ ಆಗಿದೆಯಲ್ಲ, ಇನ್ನೂ ಬಾಕಿ ಉಂಟಾ?" ನಮ್ಮ ಕಡೆ ಚರ್ಮದ ಕಾಯಿಲೆ ಅಂದರೆ ಎಷ್ಟೋ ಮನೆಗಳಲ್ಲಿ ಮೊದಲು ನೆನಪಾಗುವುದು ನಾಗದೋಷ. ಅವರ ನಂಬಿಕೆಗೆ ನನ್ನ ತಕರಾರಿಲ್ಲ. ಆದರೆ ಆಸ್ಪತ್ರೆಯ ಕಾಗದವೇ ಆ ಭಯಕ್ಕೆ ಮೊಹರು ಒತ್ತಿದ ಹಾಗಾಯಿತಲ್ಲ, ಅದು ನನ್ನನ್ನು ಬಿಡದೆ ಕಾಡುತ್ತಿದೆ.

ಹೇಳಬೇಕಾದ್ದು ಇಷ್ಟೇ. ಚರ್ಮ ಒಣಗಿ ಮೀನಿನ ಹುರುಪೆಯ ಹಾಗೆ ಏಳುತ್ತದೆ. ಹೆಸರಿನಲ್ಲಿರುವುದೂ ಮೀನೇ, ಗ್ರೀಕ್ ಭಾಷೆಯದು. ಇದರ ಸಾಮಾನ್ಯ ಬಗೆಗೆ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್ ಕಾರಣ ಎಂದು 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಇರ್ವಿನ್ ಮೆಕ್ಲೀನ್ ಅವರ ತಂಡ ತೋರಿಸಿತು. ಜೀನ್ ಅನ್ನು ಪ್ರೋಟೀನ್ ಕಟ್ಟಲು ಹೇಳುವ ಬರಹ ಎಂದುಕೊಳ್ಳಿ; ಅದರಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಪ್ರೋಟೀನ್ ಕಟ್ಟುವ ಕೆಲಸ ನಡುವೆಯೇ ನಿಂತುಬಿಡಬಹುದು. ಆಗ ಚರ್ಮದ ಮೇಲ್ಪದರದಲ್ಲಿ ನೀರಿನ ಪಸೆ ನಿಲ್ಲುವುದಿಲ್ಲ. ಇಂಥವರಿಗೆ ಎಕ್ಸಿಮಾ, ಅಂದರೆ ಚರ್ಮ ಕೆಂಪಾಗಿ ತುರಿಸುವ ಕಾಯಿಲೆ, ಬರುವ ಸಂಭವವೂ ಜಾಸ್ತಿ.

ಹೀಗೆ ಅಕ್ಷರ ಬದಲಾಗುವುದಕ್ಕೆ, ಅಂದರೆ ಮ್ಯುಟೇಶನ್‌ಗೆ, ಏನೆನ್ನೋಣ?

'ರೂಪಾಂತರ' ಹಾಕಿ ನೋಡಿದೆ. ಕೊರೊನಾ ಕಾಲದಲ್ಲಿ 'ರೂಪಾಂತರಿ ವೈರಸ್' ಎಂದು ಕೇಳಿ ಕೇಳಿ, ಅದೀಗ ಅಂಟುರೋಗದ ಮಾತಾಗಿದೆ. ಶಾಲೆಯಲ್ಲಿ ಮಗುವನ್ನು ಬೇರೆ ಕೂರಿಸಿದರೆ? 'ತಪ್ಪು' ಸುಲಭದ ಪದ, ಅಕ್ಷರದ ಹೋಲಿಕೆಗೂ ಕೂಡುತ್ತದೆ. ಆದರೆ ಹೆತ್ತವಳ ಕಿವಿಗೆ ಅದು 'ನಿನ್ನ ತಪ್ಪು' ಎಂದೇ ಬೀಳುತ್ತದೆ ಅಲ್ವಾ? 'ಆನುವಂಶಿಕ' ಕೂಡ ಎಲ್ಲ ಕಡೆ ಸಲ್ಲದು. ಮೈಮೇಲೆ ಹಾಲು ಕಾಫಿ ಬಣ್ಣದ ಮಚ್ಚೆಗಳು, ಮೆತ್ತನೆ ಗಂಟುಗಳು ಬರುವ ನ್ಯೂರೋಫೈಬ್ರೊಮಟೋಸಿಸ್‌ನ ಒಂದನೇ ಬಗೆ ಇದೆಯಲ್ಲ, ಅದರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಬದಲಾವಣೆ ಹೊಸದಾಗಿಯೇ ಆಗಿರುತ್ತದೆ. ಅಂಥವರಿಗೆ 'ವಂಶದಿಂದ ಬಂದದ್ದು' ಎಂದರೆ ಸುಳ್ಳು ಹೇಳಿದಂತೆ.

ನನ್ನ ಮನಸ್ಸು 'ವ್ಯತ್ಯಾಸ'ದ ಕಡೆ ವಾಲಿದೆ. 'ಜೀನಿನಲ್ಲಿ ಒಂದು ವ್ಯತ್ಯಾಸ ಉಂಟು' ಎಂದರೆ ಇಲ್ಲಿ ಯಾರೂ ಬೆಚ್ಚುವುದಿಲ್ಲ, ಯಾರನ್ನೂ ದೂರುವುದಿಲ್ಲ. ವಿಜ್ಞಾನಕ್ಕೂ ಇದು ಹೊಂದುತ್ತದೆ. ಅಮೆರಿಕದ ವೈದ್ಯಕೀಯ ತಳಿವಿಜ್ಞಾನಿಗಳ ಸಂಘಟನೆಯೇ 2015ರಲ್ಲಿ 'ಮ್ಯುಟೇಶನ್' ಬಿಟ್ಟು 'ವೇರಿಯಂಟ್' ಬಳಸಿ, ಅದು ರೋಗ ತರುವಂಥದ್ದೋ ಅಲ್ಲವೋ ಎಂದು ಜೊತೆಗೇ ಹೇಳಿ ಎಂದಿತು. 'ರೋಗ ತರುವ ವ್ಯತ್ಯಾಸ', 'ತೊಂದರೆಯಿಲ್ಲದ ವ್ಯತ್ಯಾಸ' ಎಂದು ಕನ್ನಡದಲ್ಲಿ ಸಲೀಸಾಗಿ ಬರುತ್ತದೆ.

ಘಟ್ಟದ ಮೇಲಿನವರಿಗೆ ಇದು ತೀರಾ ಹಗುರ ಅನ್ನಿಸುತ್ತದಾ? ಮದ್ದು ಹಚ್ಚುವುದನ್ನೇ ಬಿಟ್ಟುಬಿಡುವಷ್ಟು? ತುಳು, ಕೊಂಕಣಿ ಮನೆಮಾತಿನವರು ನಿಮ್ಮ ಮನೆಯ ಹಿರಿಯರಿಗೆ ಒಮ್ಮೆ ಓದಿ ಹೇಳಿ, ಅವರು ಏನು ಅರ್ಥ ಮಾಡಿಕೊಂಡರು ಎಂದು ತಿಳಿಸಿ. ಇನ್ನೊಂದು ಸಣ್ಣ ಪ್ರಶ್ನೆ: ಮಂಗಳೂರು ಪೇಟೆಯಲ್ಲಿ ಬೆಳೆದ ಮಕ್ಕಳಿಗೆ 'ಹುರುಪೆ' ಗೊತ್ತಿದೆಯಾ, ಅಥವಾ ಬೇರೆ ಪದ ಹಾಕಲಾ? ಮುಂದಿನ ವಾರ ಅಚ್ಚಿಗೆ ಕೊಡಬೇಕು.