ಕರೆಂಟ್ ಹೋಗಿ ಬಂದರೆ ವಿಲ್ಯಾನ್ ಮಾಯ, ರಾತ್ರಿ ಕ್ಯಾಮೆರಾ ಬಂದ್: ಸ್ವಿಚ್ ಹಾಳಾಗಿದೆಯಾ?

ಪ್ರಶ್ನೆ, ಕಾರವಾರದಿಂದ:
ಕೋಡಿಬಾಗ ಹತ್ತಿರ ನಮ್ಮದೊಂದು ಹೋಂಸ್ಟೇ ಇದೆ. 24 ಪೋರ್ಟಿನ ಪಿಒಇ ಸ್ವಿಚ್ (ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟನ್ನೂ ಕೊಡುವ ಪೆಟ್ಟಿಗೆ), ಅದಕ್ಕೆ 8 ಕ್ಯಾಮೆರಾ, 3 ವೈಫೈ ಆ್ಯಕ್ಸೆಸ್ ಪಾಯಿಂಟ್. ಉಪ್ಪುಗಾಳಿ ತಾಗಬಾರದು ಅಂತ ಮರದ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದ್ದೇನೆ, ಕೆಳಗಿನ ಖಾನೆಯಲ್ಲಿ ಇನ್ವರ್ಟರ್. ಮಳೆ ಶುರುವಾದಾಗಿನಿಂದ ಎರಡು ಕಾಟ. ಕರೆಂಟ್ ಹೋದರೆ ಇನ್ವರ್ಟರ್ ಇದ್ದರೂ ಸ್ವಿಚ್ ರೀಸ್ಟಾರ್ಟ್ ಆಗುತ್ತದೆ, ಕ್ಯಾಮೆರಾಗಳಿಗೆ ಮಾಡಿದ್ದ ವಿಲ್ಯಾನ್, ಅಂದರೆ ಅದೇ ಸ್ವಿಚ್‌ನಲ್ಲಿ ಬೇರೆ ಮಾಡಿಟ್ಟ ನೆಟ್‌ವರ್ಕ್, ಇರುವುದೇ ಇಲ್ಲ. ಇನ್ನೊಂದು, ಕರೆಂಟ್ ಇದ್ದಾಗಲೂ ರಾತ್ರಿ ಎಂಟರ ಮೇಲೆ ಕ್ಯಾಮೆರಾ ಬಂದ್ ಆಗುತ್ತವೆ, ಸ್ವಿಚ್ ಮುಟ್ಟಿದರೆ ಕೈ ಸುಡುತ್ತದೆ. ಸ್ವಿಚ್ ತನ್ನ ಆಗುಹೋಗು ಬರೆದಿಡುವ ಲಾಗ್ ನೋಡಿದರೆ ಖಾಲಿ. ಹೊಸದು ತಗೊಳ್ಳಲೇಬೇಕಾ?

ಉತ್ತರ, ಶಿರಸಿಯಿಂದ:
ತಡೀರಿ ಮಾರಾಯ್ರೆ, ಈಗಲೇ ದುಡ್ಡು ಹಾಕಬೇಡಿ. ವಿಲ್ಯಾನ್ ಮಾಡಿದ ಮೇಲೆ ಸೇವ್ ಮಾಡಿದ್ದೀರಾ? ನಾವು ಮಾಡುವ ಬದಲಾವಣೆ ಮೊದಲು ರ‍್ಯಾಮ್‌ನಲ್ಲಿ ಇರುತ್ತದೆ, ಕರೆಂಟ್ ಹೋದರೆ ಅಳಿಸಿಹೋಗುತ್ತದೆ. ಸೇವ್ ಕೊಟ್ಟರೆ ಮಾತ್ರ ಕರೆಂಟ್ ಹೋದರೂ ಅಳಿಯದ ಫ್ಲ್ಯಾಶ್‌ಗೆ ಹೋಗಿ ಕೂರುತ್ತದೆ. ಲಾಗ್ ಖಾಲಿ ಇರುವುದೂ ಇದಕ್ಕೇ, ಅದೂ ರ‍್ಯಾಮ್‌ನಲ್ಲೇ ಇತ್ತು. ಸಿಸ್‌ಲಾಗ್ ಆನ್ ಮಾಡಿ ಲಾಗನ್ನು ಬೇರೆ ಕಂಪ್ಯೂಟರಿಗೆ ಕಳಿಸಿದರೆ ಉಳಿಯುತ್ತದೆ. ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್ ಅಂತ ಒಂದು ಗುಂಡಿ ಇದ್ದರೆ ಹಾಕಿ, ಸಾದಾ ಮೋಡ್‌ನಲ್ಲಿ ಬ್ಯಾಟರಿಗೆ ಬದಲಾಗುವಷ್ಟರಲ್ಲಿ ಸ್ವಿಚ್ ಆಫ್ ಆಗಿರುತ್ತದೆ.

ನನಗೆ ಜಾಸ್ತಿ ಚಿಂತೆ ಆ ಕಪಾಟಿನದು. ಕತ್ತಲಾದ ಮೇಲೆ ಕ್ಯಾಮೆರಾಗಳ ಐಆರ್ (ಕತ್ತಲಲ್ಲಿ ನೋಡಲು ಬೇಕಾದ ಇನ್‌ಫ್ರಾರೆಡ್) ದೀಪ ಹೊತ್ತುತ್ತವೆ, ಜಾಸ್ತಿ ವ್ಯಾಟ್ ಎಳೆಯುತ್ತವೆ, ಅದೆಲ್ಲ ಸ್ವಿಚ್‌ನೊಳಗಿನ ಪವರ್ ಸಪ್ಲೈ ಮೂಲಕವೇ ಹೋಗಬೇಕು, ಅದರಲ್ಲಿ ಒಂದಿಷ್ಟು ಬಿಸಿಯಾಗಿ ಅಲ್ಲೇ ಉಳಿಯುತ್ತದೆ. ಕೆಳಗೆ ಇನ್ವರ್ಟರ್ ಚಾರ್ಜ್ ಆಗುತ್ತಾ ಇನ್ನಷ್ಟು ಬಿಸಿ ಮಾಡುತ್ತದೆ. ಮೊದಲೇ ನಿಮ್ಮಲ್ಲಿ ಸೆಕೆ. ಹೆಚ್ಚಿನ ಸ್ವಿಚ್‌ಗಳಿಗೆ 40 ಅಥವಾ 45 ಡಿಗ್ರಿ ಅಂತ ಬರೆದಿರುತ್ತದಲ್ಲ, ಅದು ಸುತ್ತಲಿನ ಗಾಳಿಯ ಲೆಕ್ಕ. ಒಳಗಿನ ಸೆನ್ಸರ್ ಅದಕ್ಕಿಂತ ಜಾಸ್ತಿಯೇ ತೋರಿಸುತ್ತದೆ, ಅದಕ್ಕೆ ಹೆದರಬೇಡಿ. ಮಿತಿ ದಾಟಿದರೆ ಹಲವು ಮಾಡೆಲ್‌ಗಳು ಮೊದಲು ಲಾಗ್‌ನಲ್ಲಿ ಎಚ್ಚರಿಸುತ್ತವೆ, ಮತ್ತೂ ಏರಿದರೆ ಸುಟ್ಟುಹೋಗದಂತೆ ತಾವೇ ಆಫ್ ಆಗುತ್ತವೆ.

ಮುಂದಿನ ಸಲ ಕ್ಯಾಮೆರಾ ಬಂದ್ ಆದಾಗ, ಸ್ವಿಚ್ ಆನ್ ಆಗಿ ಎಷ್ಟು ಹೊತ್ತಾಯಿತು ಅಂತ ತೋರಿಸುವ ಅಪ್‌ಟೈಮ್ ನೋಡಿ. ಅದು ಸೊನ್ನೆಯಿಂದ ಶುರುವಾಗಿದ್ದರೆ ಇಡೀ ಸ್ವಿಚ್ ಆಫ್ ಆಗಿ ಬಂದಿದೆ ಅಂತ ಅರ್ಥ. ಅಪ್‌ಟೈಮ್ ಹಾಗೇ ಇದ್ದು ಕೆಲವು ಪೋರ್ಟ್ ಮಾತ್ರ ಸತ್ತಿದ್ದರೆ ಪಿಒಇ ಬಜೆಟ್ (ಎಲ್ಲ ಪೋರ್ಟಿಗೂ ಸೇರಿ ಸ್ವಿಚ್ ಕೊಡಬಲ್ಲ ವ್ಯಾಟ್) ಸಾಲುತ್ತಿಲ್ಲ, ಆಗ ಕಡಿಮೆ ಪ್ರಯಾರಿಟಿಯ ಪೋರ್ಟ್‌ಗಳೇ ಮೊದಲು ಹೋಗುತ್ತವೆ.

ಉತ್ತರ, ಕುಮಟಾದಿಂದ:
ಆಸಿಡ್ ಬ್ಯಾಟರಿ ಇದ್ದರೆ ಅದನ್ನೂ ಕಪಾಟಿನಿಂದ ಹೊರಗಿಡಿ. ಚಾರ್ಜ್ ಆಗುವಾಗ ಬರುವ ಆಸಿಡ್ ಹಬೆ ಪೋರ್ಟುಗಳ ಪಿನ್ ತಿನ್ನುತ್ತದೆ. ನೀವು ಉಪ್ಪುಗಾಳಿ ತಪ್ಪಿಸಲು ಹೋಗಿ ಅದಕ್ಕಿಂತ ಕೆಟ್ಟದ್ದನ್ನು ಒಳಗೆ ಕೂಡಿಹಾಕಿದ್ದೀರಿ.

ಮತ್ತೆ ಕಾರವಾರದಿಂದ:
ಅಪ್‌ಟೈಮ್ ನೋಡಿದೆ, ಒಂಬತ್ತೇ ನಿಮಿಷ! ಕರೆಂಟ್ ಹೋಗಿರಲಿಲ್ಲ, ಬಿಸಿಯೇ ಕಾರಣ ಅಲ್ವಾ. ಸ್ವಿಚ್ ತೆಗೆದು ಒಳಗಿನ ಪ್ಯಾಸೇಜಿನ ಗೋಡೆಗೆ ಹಾಕಿದೆ, ಎರಡೂ ಬದಿ ಒಂದೊಂದು ಗೇಣು ಜಾಗ ಬಿಟ್ಟಿದ್ದೇನೆ, ಫ್ಯಾನಿನ ಧೂಳನ್ನು ಬ್ರಶ್ಶಿನಿಂದ ತೆಗೆದೆ. ಸೆನ್ಸರ್ 71 ತೋರಿಸುತ್ತಿದ್ದದ್ದು ಈಗ 52. ಮೂರು ರಾತ್ರಿ ಆಯ್ತು, ಅಡ್ಡಿಲ್ಲ. ವಿಲ್ಯಾನ್ ಸೇವ್ ಮಾಡಿ ಬೇಕಂತಲೇ ಪ್ಲಗ್ ಕಿತ್ತು ಹಾಕಿ ನೋಡಿದೆ, ಎಲ್ಲ ಹಾಗೇ ಇದೆ. ಯುಪಿಎಸ್ ಮೋಡ್ ಗುಂಡಿಯೂ ಸಿಕ್ಕಿತು.