ಎಡ ಸ್ತನಕ್ಕೆ ರೇಡಿಯೇಷನ್: 15 ಸಿಟ್ಟಿಂಗ್ ಸಾಕಾ?

ಪ್ರಶ್ನೆ:
ಗಡ್ಡೆ ಮಾತ್ರ ತೆಗೆದು ಸ್ತನ ಉಳಿಸಿದ್ದಾರೆ, ಗಾಯ ಒಣಗಿದೆ. ಮುಂದಿನ ವಾರದಿಂದ ರೇಡಿಯೇಷನ್. ನನಗೆ 15 ಸಿಟ್ಟಿಂಗ್ ಅಂದಿದ್ದಾರೆ, ನಮ್ಮ ಚಿಕ್ಕಮ್ಮನಿಗೆ ಹಿಂದೆ 25 ಕೊಟ್ಟಿದ್ದರು. ಯಾಕೆ ಕಡಿಮೆ ಅಂತ ಕೇಳಿದರೆ "ಈಗ ಹೀಗೇ ಕೊಡೋದು" ಅಂದು ಮುಂದಿನವರನ್ನು ಕರೆದರು! ಎಡಗಡೆ ಆದ್ದರಿಂದ ಉಸಿರು ಬೇರೆ ಹಿಡಿಯಬೇಕಂತೆ. ಮಧ್ಯದಲ್ಲಿ ಕೆಮ್ಮು ಬಂದರೆ? ಮನೆಯಲ್ಲಿ ಪುಟ್ಟ ಮಗು ಇದೆ, ಹತ್ತಿರ ಕರೆದುಕೊಳ್ಳಬಹುದಾ?

ಉತ್ತರ 1:
ಸಿಟ್ಟಿಂಗ್ ಕಡಿಮೆಯಾದರೆ ಚಿಕಿತ್ಸೆ ಕಡಿಮೆಯಾಯಿತು ಅಂತ ಅಲ್ಲ. ಹಳೆಯ ಲೆಕ್ಕದಲ್ಲಿ 25 ಸಲಕ್ಕೆ ಒಟ್ಟು 50 ಗ್ರೇ (ಕಿರಣದ ಪ್ರಮಾಣ ಅಳೆಯುವ ಮಾನ), ಅಂದರೆ ಸಲಕ್ಕೆ 2. ಈಗಿನ 15 ಸಲದ ಲೆಕ್ಕದಲ್ಲಿ ಸಾಮಾನ್ಯವಾಗಿ ಒಟ್ಟು 40 ಗ್ರೇ, ಸಲಕ್ಕೆ ಸುಮಾರು 2.67. ಒಂದೊಂದು ಸಲದ ಪ್ರಮಾಣ ಜಾಸ್ತಿ, ಹಾಗಾಗಿ ಒಟ್ಟು ಕಡಿಮೆ ಸಾಕಾಗುತ್ತದೆ. ಬ್ರಿಟನ್ನಿನ ಸ್ಟಾರ್ಟ್ ಅಧ್ಯಯನದಲ್ಲಿ ಎರಡೂ ಬಗೆಯವರನ್ನು ಹತ್ತು ವರ್ಷ ಗಮನಿಸಿ 2013ರಲ್ಲಿ ಫಲಿತಾಂಶ ಹೇಳಿದರು. ಕ್ಯಾನ್ಸರ್ ಮರಳುವುದು 15 ಸಲದವರಲ್ಲಿ ಹೆಚ್ಚಾಗಿರಲಿಲ್ಲ, ಸ್ತನದ ಮೇಲಿನ ಅಡ್ಡಪರಿಣಾಮವೂ ಅವರಲ್ಲೇ ಕಡಿಮೆ ಇತ್ತು. ಕೆಲವರಿಗೆ ಈಗ 5 ಸಲದಲ್ಲೇ ಮುಗಿಸುತ್ತಾರೆ. ಗಡ್ಡೆ ಇದ್ದ ಜಾಗಕ್ಕೆ ಬೂಸ್ಟ್ ಅಂತ ಇನ್ನೂ ಕೆಲವು ಸೇರಿಸುವುದುಂಟು, ನಿಮಗೆ ಇದೆಯಾ ಅಂತ ಕೇಳಿ. ಇಷ್ಟು ಹೇಳೋಕೆ ಅವರಿಗೆ ಎರಡು ನಿಮಿಷ ಸಾಕಿತ್ತು ಬಿಡಿ.

ಉತ್ತರ 2:
ಉಸಿರಿನ ವಿಷಯ ನಾನು ಹೇಳುತ್ತೇನೆ, ನನ್ನದೂ ಎಡಗಡೆಯೇ. ಉಸಿರು ಪೂರ್ತಿ ಎಳೆದಾಗ ಶ್ವಾಸಕೋಶ ಉಬ್ಬಿ, ಹೃದಯ ಎದೆಗೂಡಿನಿಂದ ಸ್ವಲ್ಪ ದೂರ ಸರಿಯುತ್ತದೆ, ಕಿರಣ ಅದಕ್ಕೆ ಬೀಳುವುದು ಕಡಿಮೆಯಾಗುತ್ತದೆ. ಹಿಡಿಯಬೇಕಾದ್ದು ಒಂದು ಸಲಕ್ಕೆ ಇಪ್ಪತ್ತು ಸೆಕೆಂಡಿನ ಆಸುಪಾಸು, ಬಿಟ್ಟು ಮತ್ತೆ ಹಿಡಿಯೋದು. ಕೆಮ್ಮು ಬಂದರೆ ಉಸಿರು ಬಿಟ್ಟುಬಿಡಿ. ಹೊರಗಡೆ ಕ್ಯಾಮೆರಾದಲ್ಲಿ ನೋಡುತ್ತಲೇ ಇರುತ್ತಾರೆ, ಕಿರಣ ನಿಲ್ಲಿಸುತ್ತಾರೆ. ನನಗೆ ಉಸಿರಿಗಿಂತ ಕಷ್ಟವಾಗಿದ್ದು ಕೈ ತಲೆಯ ಮೇಲೆ ಎತ್ತಿಕೊಂಡು ಅಲ್ಲಾಡದೆ ಮಲಗುವುದು, ಕಂಕುಳಿನ ಗಂಟು ತೆಗೆದ ಮೇಲೆ ಭುಜ ಹಿಡಿದುಕೊಂಡಿತ್ತು. ಫಿಸಿಯೋ ಹೇಳಿಕೊಟ್ಟ ವ್ಯಾಯಾಮ ಈಗಲೇ ಶುರು ಮಾಡಿ.

ಮಗುವನ್ನು ಧಾರಾಳವಾಗಿ ತಬ್ಬಿಕೊಳ್ಳಿ. ಹೊರಗಿನಿಂದ ಕೊಡುವ ಕಿರಣ ಮೆಷಿನ್ ನಿಂತ ಕೂಡಲೇ ಮುಗಿಯಿತು, ಮೈಯಲ್ಲಿ ಏನೂ ಉಳಿಯಲ್ಲ. ಎತ್ತಿಕೊಳ್ಳೋದು ಮಾತ್ರ ಆಪರೇಷನ್ ಆದ ಕೈಗೆ ಎಷ್ಟು ಭಾರ ಆಗುತ್ತದೆ ಅನ್ನೋದರ ಮೇಲೆ, ಸರ್ಜನ್‌ರನ್ನು ಕೇಳಿ.

ಉತ್ತರ 3:
ಮುಗಿದ ಮೇಲಿನ ದಿನಗಳ ಬಗ್ಗೆ ಯಾರೂ ಹೇಳಲ್ಲ ಅಲ್ವಾ. ಚರ್ಮ ಕೆಂಪಾಗಿ ಉರಿಯೋದು, ಕಪ್ಪಾಗೋದು ಕೊನೆಯ ಸಿಟ್ಟಿಂಗ್ ಆಗಿ ಒಂದೆರಡು ವಾರದಲ್ಲಿ ಜಾಸ್ತಿ ಆಗಬಹುದು. ಆಮೇಲೆ ಇಳಿಯುತ್ತದೆ. ಮನೆಯವರೆಲ್ಲ "ಮುಗೀತಲ್ಲ" ಅಂದುಕೊಂಡಾಗಲೇ ಸುಸ್ತೂ ಹಿಡಿಯುತ್ತದೆ, ಆ ವಾರಗಳಿಗೂ ಯಾರನ್ನಾದರೂ ಸಹಾಯಕ್ಕೆ ಇಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು:
ಈಗ ಸ್ವಲ್ಪ ಸಮಾಧಾನ ಆಯಿತು. ಕ್ರೀಮ್ ಏನಾದರೂ? ಕೂದಲು?

ಉತ್ತರ 3:
ತಲೆ ಕೂದಲು ಇದರಿಂದ ಉದುರಲ್ಲ, ಅದು ಕೀಮೋದ ಕೆಲಸ. ಆ ಕಡೆಯ ಕಂಕುಳಿನದು ಉದುರಬಹುದು. ಆಸ್ಪತ್ರೆಯವರು ಹೇಳಿದ ಕ್ರೀಮ್ ಮಾತ್ರ ಹಚ್ಚಿ, ಸುಮ್ನೆ ಯಾರೋ ಹೇಳಿದ ಮನೆಮದ್ದು ಬೇಡ. ತಂತಿ ಇಲ್ಲದ ಸಡಿಲ ಹತ್ತಿ ಬ್ರಾ ಹಾಕಿ, ಉಜ್ಜಬೇಡಿ. ಚರ್ಮ ಒಡೆದು ನೀರು ಬಂದರೆ ಅಥವಾ ಜ್ವರ ಬಂದರೆ ಮುಂದಿನ ಚೆಕಪ್‌ವರೆಗೆ ಕಾಯದೆ ಅವತ್ತೇ ಫೋನ್ ಮಾಡಿ.