ಲಸಿಕೆ ನಂತರ ಮಗುವಿನ ಪಾದ ಜೋತುಬಿದ್ದಿದೆ: ಕೇಸು ಎಲ್ಲಿ, ಯಾರ ಮೇಲೆ?

ಸಿದ್ದಾಪುರ_ರೈಟರ್: ನಮ್ಮ ತೋಟದ ಲೈನ್‌ಮನೆಯಲ್ಲಿ (ಕಾರ್ಮಿಕರ ಸಾಲುಮನೆ) ಇರುವ ಅಸ್ಸಾಂ ಕುಟುಂಬದ ಮಗು, ಒಂದೂವರೆ ವರ್ಷ. ಹುಣಸೂರಿನ ಖಾಸಗಿ ಕ್ಲಿನಿಕ್ಕಲ್ಲಿ ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಲಸಿಕೆ) ಬೂಸ್ಟರನ್ನು ಪಿರ್ರೆಗೆ ಹಾಕಿದ್ದಾರೆ. ಮರುದಿನದಿಂದ ಬಲಪಾದ ಎತ್ತುತ್ತಿಲ್ಲ. ಇದಾಗಿ ಆರು ದಿನ. ಬಿಲ್ ಇದೆ. ಸರ್ಕಾರದಿಂದ ಪರಿಹಾರ ಸಿಗುತ್ತದೆಯೇ? ಕೇಸು ಹಾಕುವುದಾದರೆ ಹುಣಸೂರಿಗೇ ಅಲೆಯಬೇಕೇ?

ಪಿಎಚ್‌ಸಿ_ಕೊಡಗು: ಕೇಸು ಆಮೇಲೆ, ಮೊದಲು ಮಲದ ಸ್ಯಾಂಪಲ್. 15 ವರ್ಷದೊಳಗಿನ ಮಗುವಿನ ಕೈಕಾಲು ಹಠಾತ್ತನೆ ಬಲ ಕಳೆದುಕೊಂಡರೆ ಪೋಲಿಯೊ ಅಲ್ಲವೆಂದು ಖಚಿತಪಡಿಸಲೇಬೇಕು. ತೊಂದರೆ ಶುರುವಾದ 14 ದಿನದೊಳಗೆ, 24 ಗಂಟೆ ಅಂತರದಲ್ಲಿ ಎರಡು ಸ್ಯಾಂಪಲ್. ಇಂದೇ ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರ) ಕರೆದೊಯ್ಯಿರಿ. ಲಸಿಕೆ ನಂತರದ ಗಂಭೀರ ತೊಂದರೆ ಎಂದು ಜಿಲ್ಲಾ ಆರ್‌ಸಿಎಚ್ (ತಾಯಿ-ಮಕ್ಕಳ ಆರೋಗ್ಯ) ಅಧಿಕಾರಿಗೆ ವರದಿ ಹೋಗುವಂತೆಯೂ ನೋಡಿಕೊಳ್ಳಿ. ಲಸಿಕೆ ಖಾಸಗಿಯಲ್ಲಿ ಹಾಕಿದ್ದರೂ ವರದಿ ಆಗಬೇಕು.

ಈ ವಯಸ್ಸಿಗೆ ಡಿಪಿಟಿ ಹಾಕುವ ಜಾಗ ತೊಡೆಯ ಮುಂಭಾಗದ ಹೊರಮಗ್ಗುಲು. ಪಿರ್ರೆಯಲ್ಲಿ ಕಾಲಿಗೆ ಹೋಗುವ ದೊಡ್ಡ ನರ (ಸಯಾಟಿಕ್) ಹಾದುಹೋಗುವುದರಿಂದ ಅಲ್ಲಿ ಚುಚ್ಚಬಾರದು. ನರದ ಪರೀಕ್ಷೆಯನ್ನು (ಎನ್‌ಸಿವಿ, ಇಎಂಜಿ) ಮೂರು ವಾರ ಕಳೆದು ಮಾಡಿಸಿ. ಅದಕ್ಕೂ ಮುಂಚೆ ಮಾಡಿಸಿದರೆ ಪೆಟ್ಟು ಪೂರ್ತಿ ಕಾಣಿಸದೆ, ಆ ರಿಪೋರ್ಟೇ ಎದುರಾಳಿಯ ಕೈಗೆ ಅಸ್ತ್ರವಾಗುತ್ತದೆ. ಆದರೆ ಫಿಸಿಯೊಥೆರಪಿ, ಸ್ಪ್ಲಿಂಟ್ (ಪಾದಕ್ಕೆ ಆಸರೆ ಕೊಡುವ ಪಟ್ಟಿ) ಶುರುಮಾಡಲು ಅಲ್ಲಿಯವರೆಗೆ ಕಾಯಬೇಡಿ.

ಮಡಿಕೇರಿ_ಬಾರ್: ಮಕ್ಕಳ ವಾಡಿಕೆಯ ಲಸಿಕೆಗಳಿಗೆ, ಯಾರ ತಪ್ಪನ್ನೂ ಸಾಬೀತು ಮಾಡದೆ ಹಣ ಕೊಡುವ ಕಾಯಿದೆ ನಮ್ಮಲ್ಲಿಲ್ಲ. ಅಮೆರಿಕದಲ್ಲಿ 1986ರಿಂದ ಇದೆ, ಜನ ವಾಟ್ಸಾಪಿನಲ್ಲಿ ಅದನ್ನು ಓದಿ ಇಲ್ಲಿ ಅರ್ಜಿ ಹುಡುಕುತ್ತಾರೆ. ನಿಮ್ಮದು ಲಸಿಕೆಯ ದೋಷವಲ್ಲ, ಚುಚ್ಚಿದ ಜಾಗದ ತಪ್ಪು. ಆದ್ದರಿಂದ ಲಸಿಕೆ ಕಂಪನಿಯನ್ನು ಎಳೆಯಬೇಡಿ, ಎಳೆದರೆ ಕೇಸು ಉದ್ದವಾಗುತ್ತದೆ ಅಷ್ಟೆ.

ದುಡ್ಡು ಕೊಟ್ಟು ಪಡೆದ ಸೇವೆಯಾದ್ದರಿಂದ ಗ್ರಾಹಕ ಆಯೋಗದಲ್ಲಿ ನಡೆಯುತ್ತದೆ. 2019ರ ಗ್ರಾಹಕ ಕಾಯಿದೆಯಲ್ಲಿ ದೂರುದಾರ ವಾಸಿಸುವ ಅಥವಾ ದುಡಿಯುವ ಜಾಗದಲ್ಲೂ ದೂರು ಕೊಡಬಹುದು, ಅಂದರೆ ಮಡಿಕೇರಿಯಲ್ಲೇ. ಆಧಾರ್ ಅಸ್ಸಾಂ ವಿಳಾಸದ್ದಾದರೂ ತೋಟದ ಸಂಬಳದ ಚೀಟಿ ಇಡಿ. ಯಾವ ಹಂತದ ಆಯೋಗ (ಜಿಲ್ಲೆ, ರಾಜ್ಯ, ರಾಷ್ಟ್ರ) ಎಂಬುದನ್ನು ನೀವು ಕೇಳುವ ಪರಿಹಾರದ ಮೇಲಲ್ಲ, ಕ್ಲಿನಿಕ್ಕಿಗೆ ಕೊಟ್ಟ ಹಣದ ಮೇಲೆ ನೋಡುತ್ತಾರೆ. ಅದು 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಎರಡು ವರ್ಷದ ಗಡುವು.

ಕ್ಲಿನಿಕ್ಕಿಗೆ ಈಗಲೇ ಲಿಖಿತವಾಗಿ ಮಗುವಿನ ಚಿಕಿತ್ಸೆಯ ದಾಖಲೆ ಕೇಳಿ, ಸ್ವೀಕೃತಿ ಪಡೆಯಿರಿ. 72 ಗಂಟೆಯಲ್ಲಿ ಕೊಡಬೇಕು. ಯಾವ ಜಾಗಕ್ಕೆ ಚುಚ್ಚಿದರೆಂದು ಕ್ಲಿನಿಕ್ಕಿನ ಚೀಟಿಯಲ್ಲಿ ಸಾಮಾನ್ಯವಾಗಿ ಬರೆದಿರುವುದೇ ಇಲ್ಲ, ಕೇಸು ಬಿದ್ದುಹೋಗುವುದು ಅಲ್ಲೇ. ಸೂಜಿಯ ಗುರುತು ಇನ್ನೂ ಇದ್ದರೆ ಮಕ್ಕಳ ಡಾಕ್ಟರರಿಂದ ಕೇಸ್‌ಶೀಟಿನಲ್ಲಿ ಬರೆಸಿ.

ಸಿದ್ದಾಪುರ_ರೈಟರ್: ಇದೇ ಅಂಗನವಾಡಿಯಲ್ಲಿ ಹಾಕಿದ್ದರೆ?

ಮಡಿಕೇರಿ_ಬಾರ್: ಎಲ್ಲರಿಗೂ ಉಚಿತವಾದ ಸೇವೆ ಗ್ರಾಹಕ ಕಾಯಿದೆಗೆ ಬರುವುದಿಲ್ಲ, 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆಗ ಸಿವಿಲ್ ದಾವೆ, ಅದಕ್ಕೂ ಮೊದಲು ಸರ್ಕಾರಕ್ಕೆ ಎರಡು ತಿಂಗಳ ನೋಟಿಸು. ವಕೀಲರ ಫೀಸಿನ ಚಿಂತೆ ಬೇಡ: ಮಕ್ಕಳಿಗೂ ಹೆಂಗಸರಿಗೂ ಆದಾಯ ನೋಡದೆ ಉಚಿತ ಕಾನೂನು ನೆರವಿದೆ. ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಾಯಿಯೇ ಅರ್ಜಿ ಕೊಡಲಿ. ಕನ್ನಡ ಬಾರದಿದ್ದರೆ ನೀವು ಬರೆದುಕೊಡಿ, ಹೆಬ್ಬೆಟ್ಟು ಒತ್ತಿಸುವ ಮೊದಲು ಅವರ ಭಾಷೆಯಲ್ಲಿ ಓದಿ ಹೇಳಿಸಿ.